ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯ ವಿಶ್ಲೇಷಣಾತ್ಮಕ ಪ್ರಬಂಧ

ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯ ವಿಶ್ಲೇಷಣಾತ್ಮಕ ಪ್ರಬಂಧವು ಶಾಲಾ ಹಂತದ ಪರೀಕ್ಷೆಗಳಲ್ಲಿ ವಿದ್ಯಾರ್ಥಿಯು ಸಾಹಿತ್ಯಕೃತಿಯೊಂದನ್ನು ಕುರಿತು ಬರೆಯುವ ಉತ್ತರದ ಒಂದು ಪ್ರಕಾರ. ಪ್ರಶ್ನೆಗೆ ಉತ್ತರವಾಗಿ ಒಂದು ವಾದವನ್ನು ಮುಂದಿಡುವುದು ಮತ್ತು ಅದನ್ನು ಕೃತಿಯ ಭಾಷೆ, ರೂಪ ಹಾಗೂ ರಚನೆಯ ಆಧಾರದಿಂದ ಸಮರ್ಥಿಸುವುದು ಇದರ ಮುಖ್ಯ ಲಕ್ಷಣ. ಕಥೆಯ ಸಾರಾಂಶ, ಪಾತ್ರಪರಿಚಯ ಮತ್ತು ಕವಿಪರಿಚಯಗಳಿಂದ ಇದು ಭಿನ್ನವಾದುದು. ಇಂಗ್ಲೆಂಡಿನಲ್ಲಿ ಸುಮಾರು 16ನೆಯ ವಯಸ್ಸಿಗೆ ವಿದ್ಯಾರ್ಥಿಗಳು ಬರೆಯುವ ಜಿಸಿಎಸ್‌ಇ ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯು ಈ ಪ್ರಕಾರದ ಬಹು ಪರಿಚಿತ ಉದಾಹರಣೆಯಾಗಿದ್ದು, ಪ್ರಸ್ತುತ ಲೇಖನವು ಮುಖ್ಯವಾಗಿ ಅದನ್ನೇ ಆಧರಿಸಿದೆ.

ಹಿನ್ನೆಲೆ

ಇಂಗ್ಲಿಷ್ ಸಾಹಿತ್ಯವು ತನ್ನ ತವರಿನ ವಿದ್ಯಾಸಂಸ್ಥೆಗಳಲ್ಲಿ ಗೌರವದ ಸ್ಥಾನ ಪಡೆದದ್ದು ತಡವಾಗಿ. ಗ್ರೀಕ್ ಮತ್ತು ಲ್ಯಾಟಿನ್ ಓದೇ ನಿಜವಾದ ವಿದ್ಯೆಯೆಂಬ ನಂಬಿಕೆ ಅಲ್ಲಿ ಬಹುಕಾಲ ಬಲವಾಗಿತ್ತು. ಲಂಡನ್ನಿನಲ್ಲಿ 1828ರಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಹುದ್ದೆಯೊಂದು ಆರಂಭವಾಯಿತಾದರೂ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗ ಸ್ಥಾಪನೆಯಾದದ್ದು 1894ರಲ್ಲಿ. ಕೇಂಬ್ರಿಜ್‌ನಲ್ಲಿ ಅದು ಪೂರ್ಣ ಪ್ರಮಾಣದ ಪದವಿ ವಿಷಯವಾದದ್ದು 1917ರಲ್ಲಿ. ವಿಚಿತ್ರವೆಂದರೆ ಅದಕ್ಕೂ ಮೊದಲೇ ಭಾರತದ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವು ಪಾಠದ ವಿಷಯವಾಗಿತ್ತು. ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟಿಸಿದ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಗ್ರಂಥವು, ಈ ವಿಷಯದ ಬೋಧನೆಯು ವಸಾಹತು ಆಡಳಿತದ ಅಗತ್ಯಗಳೊಡನೆ ಹೇಗೆ ಬೆಳೆಯಿತೆಂಬುದನ್ನು ವಿವರಿಸುತ್ತದೆ. 1855ರಲ್ಲಿ ಆರಂಭವಾದ ಇಂಡಿಯನ್ ಸಿವಿಲ್ ಸರ್ವೀಸ್ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿಯೂ ಇಂಗ್ಲಿಷ್ ಸಾಹಿತ್ಯಕ್ಕೆ ಸ್ಥಾನವಿತ್ತು.

ಇಂದಿನ ಪರೀಕ್ಷಾ ಪ್ರಬಂಧಕ್ಕೆ ರೂಪ ಕೊಟ್ಟದ್ದು ಮುಖ್ಯವಾಗಿ 20ನೆಯ ಶತಮಾನದ ಕೇಂಬ್ರಿಜ್. ಅಲ್ಲಿ ಐ. ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನಾಗಲಿ ಕಾಲವನ್ನಾಗಲಿ ತಿಳಿಸದೆ ಕವಿತೆಗಳನ್ನು ಹಂಚಿ, ಅಭಿಪ್ರಾಯಗಳನ್ನು ಬರೆಸಿಕೊಂಡರು. ಹೆಸರಿನ ಆಸರೆ ತಪ್ಪಿದೊಡನೆ ಸುಶಿಕ್ಷಿತ ಓದುಗರೂ ಹೇಗೆ ತಡಬಡಾಯಿಸುತ್ತಾರೆಂಬುದನ್ನು ಅವರ 'ಪ್ರಾಕ್ಟಿಕಲ್ ಕ್ರಿಟಿಸಿಸಂ' (1929) ಎಂಬ ಗ್ರಂಥ ದಾಖಲಿಸಿತು. ಅವರ ಶಿಷ್ಯ ವಿಲಿಯಂ ಎಂಪ್ಸನ್ ಮತ್ತು 'ಸ್ಕ್ರೂಟಿನಿ' ಪತ್ರಿಕೆಯ ಎಫ್. ಆರ್. ಲೀವಿಸ್ ಅವರ ಬರಹಗಳ ಮೂಲಕ ಈ 'ನಿಕಟ ಓದು' ಶಾಲೆಗಳಿಗೂ ಹರಡಿತು. ಪರೀಕ್ಷೆಯಲ್ಲಿ ಇಂದಿಗೂ ಬರುವ 'ಅಪರಿಚಿತ ಕವಿತೆ'ಯ ಪ್ರಶ್ನೆಯು ರಿಚರ್ಡ್ಸ್ ಅವರ ಪ್ರಯೋಗದ ನೇರ ವಂಶಜವೆನ್ನಬಹುದು.

ಇಂಗ್ಲೆಂಡಿನಲ್ಲಿ 1951ರಿಂದ ಓ-ಲೆವೆಲ್, 1965ರಿಂದ ಅದರ ಜೊತೆಗೆ ಸಿಎಸ್‌ಇ ಎಂಬ ಪರೀಕ್ಷೆಗಳಿದ್ದವು. ಇವೆರಡನ್ನೂ ಒಂದುಗೂಡಿಸಿದ ಜಿಸಿಎಸ್‌ಇಯ ಬೋಧನೆ 1986ರಲ್ಲಿ ಆರಂಭವಾಗಿ, ಮೊದಲ ಪರೀಕ್ಷೆ 1988ರಲ್ಲಿ ನಡೆಯಿತು. ಈಗಿನ ಪಠ್ಯಕ್ರಮ 2015ರಲ್ಲಿ ಬೋಧನೆಗೆ ಬಂದು, 2017ರಲ್ಲಿ ಮೊದಲ ಬಾರಿಗೆ ಪರೀಕ್ಷೆಗೆ ಒಳಪಟ್ಟಿತು. ತರಗತಿಯಲ್ಲಿ ಬರೆದು ಅಂಕ ಗಳಿಸುವ ವ್ಯವಸ್ಥೆ ಅದರೊಂದಿಗೆ ಕೊನೆಗೊಂಡಿತು. ಅಕ್ಷರ ಶ್ರೇಣಿಗಳ ಬದಲು 9ರಿಂದ 1ರವರೆಗಿನ ಅಂಕಿಶ್ರೇಣಿ ಬಂದಿತು. ಕೃತಿಯನ್ನು ಪರೀಕ್ಷಾ ಕೊಠಡಿಗೆ ಒಯ್ಯುವಂತಿಲ್ಲವೆಂಬ ನಿಯಮ ಎಲ್ಲರಿಗೂ ಅನ್ವಯವಾಯಿತು.

ಪರೀಕ್ಷೆಯ ಸ್ವರೂಪ

ವಿದ್ಯಾರ್ಥಿಯು ಷೇಕ್ಸ್‌ಪಿಯರನ ಒಂದು ನಾಟಕ, 19ನೆಯ ಶತಮಾನದ ಒಂದು ಕಾದಂಬರಿ, 1914ರ ನಂತರ ಬ್ರಿಟಿಷ್ ದ್ವೀಪಗಳಲ್ಲಿ ರಚಿತವಾದ ಒಂದು ಕಥನ ಅಥವಾ ನಾಟಕ, ಮತ್ತು 1789ರಿಂದ ಈಚಿನ ಕವಿತೆಗಳ ಒಂದು ಸಂಕಲನ, ಇಷ್ಟನ್ನು ಅಭ್ಯಾಸ ಮಾಡಬೇಕು. ಎಕ್ಯೂಎ, ಪಿಯರ್ಸನ್ ಎಡೆಕ್ಸೆಲ್, ಓಸಿಆರ್, ಎಜುಕಾಸ್ ಮುಂತಾದ ಮಂಡಳಿಗಳು ಈ ಚೌಕಟ್ಟಿನೊಳಗೆ ತಂತಮ್ಮ ಪಠ್ಯಪಟ್ಟಿಗಳನ್ನು ರೂಪಿಸಿಕೊಂಡಿವೆ. 'ಮ್ಯಾಕ್‌ಬೆತ್', 'ರೋಮಿಯೊ ಅಂಡ್ ಜೂಲಿಯೆಟ್', ಚಾರ್ಲ್ಸ್ ಡಿಕನ್ಸನ 'ಎ ಕ್ರಿಸ್ಮಸ್ ಕ್ಯಾರಲ್' (1843), ಆರ್. ಎಲ್. ಸ್ಟೀವನ್ಸನ್ನನ 'ಡಾ. ಜೆಕಿಲ್ ಅಂಡ್ ಮಿ. ಹೈಡ್' (1886), ಜೆ. ಬಿ. ಪ್ರೀಸ್ಟ್ಲಿಯವರ 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ಶಾಲೆಗಳು ಹೆಚ್ಚಾಗಿ ಆರಿಸಿಕೊಳ್ಳುವ ಕೃತಿಗಳು.

ಎಕ್ಯೂಎ ಮಂಡಳಿಯ ಮೊದಲ ಪತ್ರಿಕೆ 1 ಗಂಟೆ 45 ನಿಮಿಷಗಳದು, 64 ಅಂಕಗಳದು. ಎರಡನೆಯದು 2 ಗಂಟೆ 15 ನಿಮಿಷಗಳದು, 96 ಅಂಕಗಳದು. ಮೊದಲ ಪತ್ರಿಕೆಯಲ್ಲಿ ನಾಟಕದ ಮತ್ತು ಕಾದಂಬರಿಯ ಒಂದೊಂದು ಭಾಗವನ್ನು ಮುದ್ರಿಸಿ ಕೊಟ್ಟಿರುತ್ತಾರೆ. ಆ ಭಾಗದಿಂದ ಆರಂಭಿಸಿ ಇಡೀ ಕೃತಿಯತ್ತ ಸಾಗಿ ಉತ್ತರಿಸಬೇಕು. ಸಂಕಲನದ ಪ್ರಶ್ನೆಯಲ್ಲಿ ಒಂದು ಕವಿತೆಯನ್ನು ಮುದ್ರಿಸಿರುತ್ತಾರೆ. ಹೋಲಿಕೆಗೆ ಬೇಕಾದ ಇನ್ನೊಂದು ಕವಿತೆ ವಿದ್ಯಾರ್ಥಿಯ ನೆನಪಿನಿಂದಲೇ ಬರಬೇಕು.

ಮೌಲ್ಯಮಾಪನದ ಉದ್ದೇಶಗಳು

ಅಂಕ ಕೊಡುವ ಆಧಾರಗಳು ನಾಲ್ಕು. ಕೃತಿಯನ್ನು ಅರಿತು, ಆಧಾರಸಹಿತವಾದ ಸ್ವಂತ ಪ್ರತಿಕ್ರಿಯೆಯನ್ನು ಬೆಳೆಸುವುದು ಮೊದಲನೆಯದು. ಲೇಖಕನು ಭಾಷೆ, ರೂಪ ಮತ್ತು ರಚನೆಗಳಿಂದ ಅರ್ಥವನ್ನೂ ಪರಿಣಾಮವನ್ನೂ ಹೇಗೆ ಉಂಟುಮಾಡುತ್ತಾನೆಂಬುದರ ವಿಶ್ಲೇಷಣೆ ಎರಡನೆಯದು. ಕೃತಿಗೂ ಅದು ಹುಟ್ಟಿದ ಕಾಲಸಂದರ್ಭಕ್ಕೂ ಇರುವ ಸಂಬಂಧ ಮೂರನೆಯದು. ಪದಸಂಪತ್ತು, ವಾಕ್ಯರಚನೆ, ಕಾಗುಣಿತ ಮತ್ತು ಲೇಖನಚಿಹ್ನೆಗಳ ಶುದ್ಧಿ ನಾಲ್ಕನೆಯದು. ಎಕ್ಯೂಎ ಇವುಗಳಿಗೆ ಕ್ರಮವಾಗಿ ಶೇ. 37.5, 42.5, 15 ಮತ್ತು 5ರಷ್ಟು ತೂಕ ಕೊಟ್ಟಿದೆ.

ಈ ಅಂಕಿಗಳನ್ನು ಗಮನವಿಟ್ಟು ನೋಡಬೇಕು. ಶೇ. 80ರಷ್ಟು ಅಂಕಗಳು ಕೃತಿಯ ಓದಿಗೆ ಮತ್ತು ಅದರ ಪದಗಳ ವಿಶ್ಲೇಷಣೆಗೆ ಮೀಸಲಾಗಿವೆ. ಲೇಖಕನ ಜೀವನಚರಿತ್ರೆ, ಯುಗದ ಇತಿಹಾಸ ಇವನ್ನೇ ಪುಟಗಟ್ಟಲೆ ಬರೆಯುವ ವಿದ್ಯಾರ್ಥಿ ತನ್ನ ಸಮಯದ ಬಹುಭಾಗವನ್ನು ಶೇ. 15ಕ್ಕಾಗಿ ಖರ್ಚು ಮಾಡಿರುತ್ತಾನೆ. ಕಥೆ ಹೇಳುವುದಕ್ಕೆಂದೇ ಪ್ರತ್ಯೇಕ ಅಂಕ ಎಲ್ಲಿಯೂ ಇಲ್ಲ.

ಪ್ರಬಂಧದ ರಚನೆ

ವಿಶ್ಲೇಷಣಾತ್ಮಕ ಪ್ರಬಂಧದ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ 'ಹೇಗೆ' ಎಂಬ ಪದವಿರುತ್ತದೆ. ಲೇಡಿ ಮ್ಯಾಕ್‌ಬೆತ್ ಎಂಥವಳು ಎಂದು ಕೇಳುವುದಿಲ್ಲ. ಅವಳನ್ನು ಷೇಕ್ಸ್‌ಪಿಯರ್ ಹೇಗೆ ಚಿತ್ರಿಸಿದ್ದಾನೆ ಎಂದು ಕೇಳುತ್ತಾರೆ. ಮೊದಲನೆಯದು ನೆರೆಮನೆಯ ವ್ಯಕ್ತಿಯ ಬಗ್ಗೆ ಕೇಳುವ ಪ್ರಶ್ನೆ. ಎರಡನೆಯದು ಒಬ್ಬ ಲೇಖಕನು ಮಾಡಿದ ಕೆಲಸದ ಬಗ್ಗೆ ಕೇಳುವ ಪ್ರಶ್ನೆ. ಪಾತ್ರವು ಪದಗಳಿಂದ ಕಟ್ಟಿದ್ದೆಂಬ ಎಚ್ಚರ ತಪ್ಪಿದಾಗಲೇ ಉತ್ತರವು ಕಥೆಯ ಮರುನಿರೂಪಣೆಯಾಗಿ ಜಾರುತ್ತದೆ.

ಆರಂಭದ ಒಂದೆರಡು ವಾಕ್ಯಗಳಲ್ಲಿ ಪ್ರಶ್ನೆಗೆ ನೇರವಾದ ಉತ್ತರವನ್ನು, ಎಂದರೆ ಇಡೀ ಪ್ರಬಂಧದ ವಾದವನ್ನು ಹೇಳಬೇಕು. ಷೇಕ್ಸ್‌ಪಿಯರ್ ಜಗತ್ತಿನ ಮಹಾನ್ ನಾಟಕಕಾರನೆಂಬ ಪೀಠಿಕೆಯಿಂದ ಏನೂ ದೊರೆಯುವುದಿಲ್ಲ. ವಾದವೆಂದರೆ ಯಾರಾದರೂ ಒಪ್ಪದಿರಲು ಅವಕಾಶವಿರುವ ಮಾತು. ಮ್ಯಾಕ್‌ಬೆತ್ ಮಹತ್ವಾಕಾಂಕ್ಷಿ ಎಂಬುದು ವಾದವಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅವನನ್ನು ನಾಶಮಾಡುವುದು ಮಹತ್ವಾಕಾಂಕ್ಷೆಗಿಂತ ಹೆಚ್ಚಾಗಿ ಅವನ ಕಲ್ಪನಾಶಕ್ತಿ ಎನ್ನುವುದು ವಾದ. ಅದನ್ನು ಕೃತಿಯಿಂದ ತೋರಿಸಿಕೊಡಬೇಕಾಗುತ್ತದೆ.

ಪ್ಯಾರಾಗಳ ರಚನೆಗೆ ಅಲ್ಲಿನ ಶಾಲೆಗಳಲ್ಲಿ 'ಪೀ' ಅಥವಾ 'ಪೀಲ್' ಎಂಬ ಸೂತ್ರವನ್ನು ಕಲಿಸುತ್ತಾರೆ: ಒಂದು ಅಂಶ, ಅದಕ್ಕೆ ಆಧಾರ, ಆಧಾರದ ವಿವರಣೆ, ಕೊನೆಗೆ ಪ್ರಶ್ನೆಯೊಡನೆ ಜೋಡಣೆ. ಬರೆಯಲು ಹೆದರುವ ಮಗುವಿಗೆ ಇದು ಒಳ್ಳೆಯ ಊರುಗೋಲು. ನಡೆಯಲು ಬಂದ ಮೇಲೆ ಕೈಬಿಡದಿದ್ದರೆ ಅದೇ ತೊಡಕಾಗುತ್ತದೆ. ಪ್ರತಿ ಪ್ಯಾರಾವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದು, ವಾದ ಮುಂದುವರಿಯುವುದೇ ಇಲ್ಲ.

'ಮ್ಯಾಕ್‌ಬೆತ್' ನಾಟಕದಲ್ಲಿ ಅಪರಾಧಪ್ರಜ್ಞೆಯ ಚಿತ್ರಣವನ್ನು ಕುರಿತ ಪ್ರಶ್ನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದುರ್ಬಲವಾದ ಉತ್ತರ ಹೀಗಿರುತ್ತದೆ: ಡಂಕನ್ ರಾಜನನ್ನು ಕೊಂದ ಮೇಲೆ ಮ್ಯಾಕ್‌ಬೆತ್‌ನಿಗೆ ಭಯವಾಗುತ್ತದೆ, ಅವನ ಕೈಗಳಿಗೆ ರಕ್ತ ಅಂಟಿದೆ, ತೊಳೆದುಕೊಳ್ಳುವಂತೆ ಹೆಂಡತಿ ಹೇಳುತ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಇದು ಕಥೆ ಮಾತ್ರ. ಸ್ವಲ್ಪ ತಯಾರಿ ಮಾಡಿದ ವಿದ್ಯಾರ್ಥಿ ಹೀಗೆ ಬರೆದಾನು: ರಕ್ತವು ಇಲ್ಲಿ ಒಂದು ಪ್ರತಿಮೆ, ಕವಿ ಅತಿಶಯೋಕ್ತಿಯನ್ನು ಬಳಸಿದ್ದಾನೆ, ಇದು ಓದುಗರ ಮೇಲೆ ಪರಿಣಾಮ ಬೀರುತ್ತದೆ. ಪಾರಿಭಾಷಿಕ ಪದಗಳು ಬಂದಿದ್ದರೂ ಯಾವ ಪರಿಣಾಮ, ಯಾವುದರಿಂದ ಎಂಬುದು ಬಂದಿಲ್ಲ. ಅಲಂಕಾರಗಳಿಗೆ ಹೆಸರಿನ ಚೀಟಿ ಅಂಟಿಸುವ ಈ ಅಭ್ಯಾಸವನ್ನು ಪರೀಕ್ಷಕರು ವರದಿಗಳಲ್ಲಿ ಪದೇಪದೇ ದೋಷವೆಂದು ಗುರುತಿಸುತ್ತಾರೆ.

ಮೂರನೆಯ ಬಗೆಯ ಉತ್ತರ ಹೀಗೆ ಸಾಗಬಹುದು. ಕೊಲೆಯಾದ ಕೂಡಲೇ, ಎರಡನೆಯ ಅಂಕದ ಎರಡನೆಯ ದೃಶ್ಯದಲ್ಲಿ, ತನ್ನ ಕೈಯ ರಕ್ತವನ್ನು ಸಮುದ್ರವೂ ತೊಳೆಯಲಾರದು, ಬದಲಾಗಿ ಸಮುದ್ರವೇ ಕೆಂಪಾದೀತೆಂದು ಮ್ಯಾಕ್‌ಬೆತ್ ಭಾವಿಸುತ್ತಾನೆ. ಆ ಮಾತಿನಲ್ಲಿ ಲ್ಯಾಟಿನ್ ಮೂಲದ ಎರಡು ಉದ್ದನೆಯ ಪದಗಳು ಅಲೆಯಂತೆ ಹರಡಿಕೊಂಡು, ಅವುಗಳ ಬೆನ್ನಲ್ಲೇ ಒಂದೊಂದೇ ಉಚ್ಚಾರಾಂಶದ ಚಿಕ್ಕ ಪದಗಳು ಬರುತ್ತವೆ. ಕಲ್ಪನೆ ಮಿತಿಮೀರಿ ಹಿಗ್ಗಿ, ಬಣ್ಣವೊಂದರ ಸರಳ ಸತ್ಯಕ್ಕೆ ಬಂದು ಅಪ್ಪಳಿಸಿದಂತಾಗುತ್ತದೆ. ಲೇಡಿ ಮ್ಯಾಕ್‌ಬೆತ್‌ಗಾದರೋ ಆಗ ಸ್ವಲ್ಪ ನೀರು ಸಾಕೆನ್ನಿಸುತ್ತದೆ. ಐದನೆಯ ಅಂಕದ ಮೊದಲ ದೃಶ್ಯದಲ್ಲಿ ನಿದ್ದೆಯಲ್ಲಿ ನಡೆಯುತ್ತಾ, ಇಲ್ಲದ ರಕ್ತವನ್ನು ಉಜ್ಜುತ್ತಿರುವವಳು ಅವಳೇ. ನಾಟಕದುದ್ದಕ್ಕೂ ಪದ್ಯದಲ್ಲಿ ಮಾತನಾಡಿದ ರಾಣಿ ಇಲ್ಲಿ ಗದ್ಯದಲ್ಲಿ, ತುಂಡು ತುಂಡಾಗಿ ಮಾತನಾಡುತ್ತಾಳೆ. ಛಂದಸ್ಸಿನ ಹಿಡಿತ ತಪ್ಪಿರುವುದೇ ಮನಸ್ಸಿನ ಹಿಡಿತ ತಪ್ಪಿರುವುದಕ್ಕೆ ಕುರುಹಾಗುತ್ತದೆ. ಗಂಡನು ಮೊದಲೇ ಕಂಡದ್ದನ್ನು ಹೆಂಡತಿ ತಡವಾಗಿ ಕಾಣುತ್ತಾಳೆ ಎಂಬಲ್ಲಿ ಎರಡು ದೃಶ್ಯಗಳ ನಡುವಿನ ರಚನಾಸಂಬಂಧವೂ ಸ್ಪಷ್ಟವಾಗುತ್ತದೆ.

ಈ ಉತ್ತರದಲ್ಲಿ ಪಾರಿಭಾಷಿಕ ಪದಗಳು ವಿರಳ. ಎರಡು ಮೂರು ಪದಗಳ ಮೇಲೆ, ಒಂದು ಗದ್ಯ-ಪದ್ಯ ವ್ಯತ್ಯಾಸದ ಮೇಲೆ ಗಮನ ನಿಂತಿದೆ. ಕಡಿಮೆ ಆಧಾರವನ್ನು ಆರಿಸಿಕೊಂಡು ಅದರಿಂದ ಹೆಚ್ಚು ಹೊರತೆಗೆಯುವುದೇ ಮೇಲಿನ ಶ್ರೇಣಿಯ ಉತ್ತರಗಳ ರೀತಿ. ಎಕ್ಯೂಎ ಮಂಡಳಿಯ 30 ಅಂಕಗಳ ಪ್ರಶ್ನೆಗಳನ್ನು ಆರು ಹಂತಗಳಲ್ಲಿ ಅಳೆಯುತ್ತಾರೆ. ಕೆಳಗಿನ ಹಂತ ಸರಳ ಹೇಳಿಕೆಗಳದು. ಮೇಲಿನ ಹಂತ ಒಂದು ಪರಿಕಲ್ಪನೆಯ ಸುತ್ತ ಬೆಳೆಯುವ ವಿಮರ್ಶಾತ್ಮಕ ಶೋಧನೆಯದು.

ಉದ್ಧರಣೆಗಳ ವಿಚಾರದಲ್ಲಿ ವಿದ್ಯಾರ್ಥಿಗಳ ಆತಂಕ ಹೆಚ್ಚು. ಪುಸ್ತಕವಿಲ್ಲದ ಪರೀಕ್ಷೆಯಾದ್ದರಿಂದ ನೂರಾರು ಸಾಲುಗಳನ್ನು ಕಂಠಪಾಠ ಮಾಡುವವರಿದ್ದಾರೆ. ವಾಸ್ತವವಾಗಿ ಒಂದು ಅಥವಾ ಎರಡು ಪದಗಳ ಉದ್ಧರಣೆಯನ್ನು ತನ್ನ ವಾಕ್ಯದೊಳಗೇ ಹೆಣೆಯುವುದು ದೀರ್ಘ ಉದ್ಧರಣೆಗಿಂತ ಮೇಲು. ಇಂಥ ದೃಶ್ಯದಲ್ಲಿ ಇಂಥದ್ದು ನಡೆಯುತ್ತದೆಂಬ ಖಚಿತ ಉಲ್ಲೇಖವೂ ಆಧಾರವೇ. ಅನೇಕ ಪ್ರಶ್ನೆಗಳಿಗೆ ಒದಗುವಂಥ ಹತ್ತು ಹನ್ನೆರಡು ಚಿಕ್ಕ ನುಡಿಗಳನ್ನು ಪ್ರತಿ ಕೃತಿಯಿಂದ ಆರಿಸಿ, ಒಂದೊಂದರ ಬಗ್ಗೆಯೂ ಏನು ಹೇಳಬಹುದೆಂದು ಮೊದಲೇ ಯೋಚಿಸಿಟ್ಟುಕೊಂಡರೆ ಸಾಮಾನ್ಯವಾಗಿ ಸಾಕಾಗುತ್ತದೆ.

ರೂಪ ಮತ್ತು ರಚನೆಯನ್ನು ಬಹುಮಂದಿ ಮರೆಯುತ್ತಾರೆ. ನಾಟಕವನ್ನು 'ಕಾದಂಬರಿ' ಎಂದೋ 'ಪುಸ್ತಕ' ಎಂದೋ ಕರೆಯುವುದು ಸಾಮಾನ್ಯ ತಪ್ಪು. ನಾಟಕಕ್ಕೆ ಇರುವವರು ಪ್ರೇಕ್ಷಕರು. 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ನಾಟಕದ ರಂಗಸೂಚನೆಯ ಪ್ರಕಾರ, ಇನ್‌ಸ್ಪೆಕ್ಟರ್ ಬರುವವರೆಗೆ ವೇದಿಕೆಯ ಬೆಳಕು ನಸುಗೆಂಪಾಗಿ ಮೃದುವಾಗಿರಬೇಕು, ಬಂದ ಮೇಲೆ ಪ್ರಖರವಾಗಬೇಕು. ಒಂದು ಮಾತೂ ಇಲ್ಲದೆ ಸುಖದ ಮುಸುಕು ಸರಿಯುವ ಸೂಚನೆ ಅದು. 'ಎ ಕ್ರಿಸ್ಮಸ್ ಕ್ಯಾರಲ್' ಕೃತಿಯ ಅಧ್ಯಾಯಗಳಿಗೆ ಡಿಕನ್ಸ್ ಹಾಡಿನ ಚರಣವನ್ನು ಸೂಚಿಸುವ ಪದವನ್ನು ಬಳಸಿ, ಇಡೀ ಕಥೆಯನ್ನು ಐದು ಚರಣಗಳ ಹಾಡಾಗಿಸಿದ್ದಾನೆ. ಇವೂ ವಿಶ್ಲೇಷಣೆಯ ಸಾಮಗ್ರಿಯೇ.

ಕಾಲಸಂದರ್ಭವು ಉತ್ತರದೊಳಗೆ ಕರಗಿರಬೇಕು. ಪ್ರೀಸ್ಟ್ಲಿಯವರ ನಾಟಕ ಮೊದಲು ಪ್ರದರ್ಶನಗೊಂಡದ್ದು 1945ರಲ್ಲಿ, ಅದರ ಕಥೆ ನಡೆಯುವುದು 1912ರಲ್ಲಿ. ಯುದ್ಧ ನಡೆಯುವುದಿಲ್ಲ, ಟೈಟಾನಿಕ್ ಮುಳುಗುವುದಿಲ್ಲ ಎಂದು ಶ್ರೀಮಂತ ಬರ್ಲಿಂಗ್ ಖಚಿತವಾಗಿ ನುಡಿಯುವಾಗ, ಎರಡು ಮಹಾಯುದ್ಧಗಳನ್ನು ಕಂಡ ಪ್ರೇಕ್ಷಕರು ಅವನ ಉಳಿದ ಮಾತುಗಳನ್ನೂ ಸಂಶಯದಿಂದಲೇ ಕೇಳುತ್ತಾರೆ. ಇಲ್ಲಿ ಇಸವಿಗಳು ಕೆಲಸ ಮಾಡುತ್ತಿವೆ. ಅದೇ ರೀತಿ, ಬಡವರು ಸತ್ತರೆ ಜನಸಂಖ್ಯೆಯ ಹೊರೆ ತಗ್ಗೀತೆಂಬ ಸ್ಕ್ರೂಜ್‌ನ ಮಾತು ಮಾಲ್ಥಸ್‌ನ ಸಿದ್ಧಾಂತವನ್ನೂ 1834ರ ಬಡವರ ಕಾನೂನನ್ನೂ ತಿಳಿದಾಗ ಬರಿಯ ಕ್ರೌರ್ಯವಾಗಿ ಉಳಿಯದೆ, ಆ ಕಾಲದ ಒಂದು ಗೌರವಾನ್ವಿತ ಅಭಿಪ್ರಾಯವಾಗಿ ಕಾಣುತ್ತದೆ. ಇಂಗ್ಲೆಂಡಿನ ಸಿಂಹಾಸನವನ್ನು 1603ರಲ್ಲಿ ಏರಿದ ಒಂದನೆಯ ಜೇಮ್ಸ್ ಮಾಟಗಾತಿಯರ ಬಗ್ಗೆ ಸ್ವತಃ ಗ್ರಂಥ ಬರೆದಿದ್ದನೆಂಬ ಸಂಗತಿಯನ್ನು 'ಮ್ಯಾಕ್‌ಬೆತ್' ಕುರಿತ ಉತ್ತರಗಳಲ್ಲಿ ಸುಮ್ಮನೆ ತುರುಕುವುದುಂಟು. ಅದು ಪ್ರಶ್ನೆಗೆ ಸಂಬಂಧಿಸದಿದ್ದರೆ ಬಿಡುವುದು ಲೇಸು.

ಅಪರಿಚಿತ ಕವಿತೆ

ಎಕ್ಯೂಎ ಪತ್ರಿಕೆಯಲ್ಲಿ ವಿದ್ಯಾರ್ಥಿ ಹಿಂದೆಂದೂ ಓದಿರದ ಒಂದು ಕವಿತೆಯ ಮೇಲೆ 24 ಅಂಕಗಳ ಪ್ರಶ್ನೆಯೂ, ಅದನ್ನು ಇನ್ನೊಂದು ಅಪರಿಚಿತ ಕವಿತೆಯೊಡನೆ ಹೋಲಿಸುವ 8 ಅಂಕಗಳ ಪ್ರಶ್ನೆಯೂ ಇರುತ್ತವೆ. ಇಲ್ಲಿ ಕಾಲಸಂದರ್ಭಕ್ಕೆ ಅಂಕವಿಲ್ಲ. ಕವಿತೆಯನ್ನು ಕನಿಷ್ಠ ಎರಡು ಸಲ ಓದಿ, ಯಾರು ಯಾರಿಗೆ ಮಾತನಾಡುತ್ತಿದ್ದಾರೆ, ಭಾವವು ಎಲ್ಲಿ ತಿರುಗುತ್ತದೆ, ಕೊನೆ ಆರಂಭಕ್ಕಿಂತ ಹೇಗೆ ಬೇರೆಯಾಗಿದೆ ಎಂದು ಗುರುತಿಸಿಕೊಳ್ಳುವುದು ರೂಢಿ. ಅರ್ಥ ಪೂರ್ತಿ ಬಿಡಿಸಿಕೊಳ್ಳದಿದ್ದರೆ ಸಂದಿಗ್ಧತೆಯನ್ನೇ ಹೇಳಬಹುದು. ಈ ಸಾಲನ್ನು ಹೀಗೂ ಓದಬಹುದು, ಹಾಗೂ ಓದಬಹುದು ಎಂಬ ಮಾತು ಸಾಧಾರವಾಗಿದ್ದರೆ ಅದಕ್ಕೆ ಮನ್ನಣೆಯಿದೆ.

ಟೀಕೆಗಳು

2014ರಲ್ಲಿ ಹೊಸ ಪಠ್ಯಪಟ್ಟಿಗಳು ಹೊರಬಂದಾಗ, ಬಹುಜನಪ್ರಿಯವಾಗಿದ್ದ ಜಾನ್ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್', ಹಾರ್ಪರ್ ಲೀಯವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಮುಂತಾದ ಅಮೆರಿಕನ್ ಕೃತಿಗಳಿಗೆ ಜಾಗವಿಲ್ಲದೆ ಹೋದದ್ದು ದೊಡ್ಡ ವಿವಾದವಾಯಿತು. ಪಟ್ಟಿಗಳಲ್ಲಿ ಬಿಳಿಯರಲ್ಲದ ಲೇಖಕರು ಕಡಿಮೆ ಎಂಬ ಆಕ್ಷೇಪವೂ ಕೇಳಿಬಂದಿತು. ಮೀರಾ ಸ್ಯಾಲ್ ಅವರ 'ಅನಿತಾ ಅಂಡ್ ಮಿ' ಮೊದಲಿನಿಂದ ಎಕ್ಯೂಎ ಪಟ್ಟಿಯಲ್ಲಿದೆ. ಆಮೇಲೆ ಕಿಟ್ ಡಿ ವಾಲ್, ವಿನ್ಸಮ್ ಪಿನಾಕ್ ಮುಂತಾದವರ ಕೃತಿಗಳು ಸೇರಿದವು. 2025ರ ಪರೀಕ್ಷೆಯಿಂದ 'ವರ್ಲ್ಡ್ಸ್ ಅಂಡ್ ಲೈವ್ಸ್' ಎಂಬ ಹೊಸ ಕವಿತಾಗುಚ್ಛವೂ ಬಂದಿದೆ.

ಇನ್ನೂ ಆಳವಾದ ಟೀಕೆ ಪರೀಕ್ಷೆಯ ಸ್ವರೂಪವನ್ನೇ ಕುರಿತದ್ದು. ನಿಯಮವು 'ಸ್ವಂತ ಪ್ರತಿಕ್ರಿಯೆ'ಯನ್ನು ಬೇಡುತ್ತದೆ. ಸುಮಾರು 50 ನಿಮಿಷಗಳಲ್ಲಿ, ಪುಸ್ತಕವಿಲ್ಲದೆ, ಅದನ್ನು ಬರೆಯಬೇಕಾದ ಒತ್ತಡವು ಸಿದ್ಧ ಉತ್ತರಗಳತ್ತ ತಳ್ಳುತ್ತದೆ. ಮಾದರಿ ಪ್ರಬಂಧಗಳನ್ನು ಬಾಯಿಪಾಠ ಮಾಡಿದವರ ಉತ್ತರಗಳಲ್ಲಿ ಒಂದೇ ಉದ್ಧರಣೆ, ಒಂದೇ ವ್ಯಾಖ್ಯಾನ ಕಾಣುತ್ತದೆ. ಪ್ರಶ್ನೆ ಕೊಂಚ ಬದಲಾದರೂ ಉತ್ತರ ಬದಲಾಗುವುದಿಲ್ಲ. ಪರೀಕ್ಷೆಗೆಂದು ಓದಿದ ಮಗು ಪರೀಕ್ಷೆ ಮುಗಿದ ಮೇಲೆ ಮತ್ತೆಂದೂ ಕವಿತೆಯನ್ನು ಮುಟ್ಟದಿದ್ದರೆ ಬಂದ ಶ್ರೇಣಿ 9 ಆದರೂ ಅದು ನಷ್ಟವೇ ಎಂಬ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ

ಭಾರತದಲ್ಲಿ ಐಸಿಎಸ್‌ಇ ಪಠ್ಯಕ್ರಮದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪತ್ರಿಕೆಯಿದ್ದು, ಷೇಕ್ಸ್‌ಪಿಯರನ ನಾಟಕವೂ ಅದರಲ್ಲಿ ಸೇರಿರುತ್ತದೆ. ಕೇಂಬ್ರಿಜ್ ಐಜಿಸಿಎಸ್‌ಇ ನಡೆಸುವ ಶಾಲೆಗಳು ಬೆಂಗಳೂರಿನಲ್ಲಿಯೂ ಇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಗದ್ಯ ಪದ್ಯಗಳು ಇಂಗ್ಲಿಷ್ ಭಾಷಾ ಪತ್ರಿಕೆಯ ಭಾಗವಾಗಿಯೇ ಬರುತ್ತವೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ವಿದ್ಯೆ ಪೂರ್ತಿ ಹೊಸದಲ್ಲ. ಕನ್ನಡ ಪತ್ರಿಕೆಯಲ್ಲಿ ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸುವ ಪ್ರಶ್ನೆಯಿರುತ್ತದೆ. ಅದರಲ್ಲಿ ಆಯ್ಕೆ, ಸಂದರ್ಭಗಳನ್ನು ಎಲ್ಲರೂ ಬರೆಯುತ್ತಾರೆ, ಸ್ವಾರಸ್ಯಕ್ಕೆ ಬಂದಾಗ ಲೇಖನಿ ನಿಲ್ಲುತ್ತದೆ. ಆ ಸ್ವಾರಸ್ಯವೇ ಇಲ್ಲಿನ ಎರಡನೆಯ ಉದ್ದೇಶ. ಅಲಂಕಾರದ ಪ್ರಶ್ನೆಯಲ್ಲಿಯೂ ಹಾಗೆಯೇ: 'ಉಪಮಾಲಂಕಾರ' ಎಂದು ಹೆಸರಿಸಿದರೆ ಉತ್ತರ ಮುಗಿಯದು. ಉಪಮೇಯ, ಉಪಮಾನ, ಸಮಾನಧರ್ಮಗಳನ್ನು ಬಿಡಿಸಿ ಸಮನ್ವಯ ಮಾಡಬೇಕು. ಇಂಗ್ಲಿಷ್ ಪ್ರಬಂಧವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಯಾವುದನ್ನೂ ಬಿಟ್ಟು ಈ ಉಪಮಾನವನ್ನೇ ಕವಿ ಏಕೆ ಆರಿಸಿದನೆಂದು ಕೇಳುತ್ತದೆ.

ಷೇಕ್ಸ್‌ಪಿಯರನ ನಾಟಕಗಳು ಕನ್ನಡಕ್ಕೆ 19ನೆಯ ಶತಮಾನದಿಂದಲೇ ಬಂದಿವೆ. ಎಂ. ಎಲ್. ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ' ನಾಟಕವು 'ಮ್ಯಾಕ್‌ಬೆತ್'ನ ರೂಪಾಂತರ. ಕುವೆಂಪು ಅವರ 'ರಕ್ತಾಕ್ಷಿ' ಮತ್ತು 'ಬಿರುಗಾಳಿ' ಕ್ರಮವಾಗಿ 'ಹ್ಯಾಮ್ಲೆಟ್' ಮತ್ತು 'ದ ಟೆಂಪೆಸ್ಟ್' ನಾಟಕಗಳ ರೂಪಾಂತರಗಳು. ಕಥೆಯ ಎಳೆಯನ್ನೂ ಪಾತ್ರಗಳ ಬಿಸಿಯನ್ನೂ ಮನಸ್ಸಿಗೆ ತಂದುಕೊಳ್ಳಲು ಇವುಗಳನ್ನು ಮೊದಲು ಓದುವುದರಿಂದ ಅನುಕೂಲವಿದೆ. ಆದರೆ ಪರೀಕ್ಷೆಯ ವಿಶ್ಲೇಷಣೆ ಮೂಲದ ಪದಗಳ ಮೇಲೆಯೇ ನಿಲ್ಲಬೇಕಾಗುತ್ತದೆ. ಸಮುದ್ರವನ್ನು ಕೆಂಪಾಗಿಸುವ ಆ ಉದ್ದನೆಯ ಲ್ಯಾಟಿನ್ ಪದಗಳು ಯಾವ ಅನುವಾದದಲ್ಲಿಯೂ ಅದೇ ಸದ್ದಿನಲ್ಲಿ ದೊರೆಯುವುದಿಲ್ಲ.